ಅಫೀಮು ಮತ್ತು ಬೊಕ್ಕಸ



ಹಬ್ಬಹರಿದಿನಗಳಲ್ಲಿ ನಮ್ಮ ಮನೆಗಳಲ್ಲಿ ಗಸಗಸೆಯ ಪಾಯಸವಾಗುವುದುಂಟು. ಆ ಬೀಜವನ್ನು ಕೊಡುವ ಗಿಡದ ಹಸಿಯ ಕಾಯನ್ನು ಗೀರಿದರೆ ಒಸರುವ ಹಾಲೇ ಒಣಗಿ ಅಫೀಮಾಗುತ್ತದೆ. ನೋವನ್ನಡಗಿಸುವ ಔಷಧವೂ, ಮನೆಮಾರುಗಳನ್ನು ಹಾಳುಮಾಡುವ ವಿಷವೂ ಆ ಹಾಲಿನಲ್ಲಿಯೇ ಅಡಗಿವೆ. ಆ ವಿಷವು ದೇಶದೇಶಗಳನ್ನು ಹೊಕ್ಕ ಬಗೆಯನ್ನು ನಾವು ಇಂದು ವಿಚಾರಿಸೋಣ.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜನರಿಗೆ ಚೀನಾದ ಚಹವು ಬಲು ಪ್ರಿಯವಾಯಿತು. ಅದಕ್ಕೆ ಬೆಳ್ಳಿಯನ್ನೇ ತೆರಬೇಕಾಗಿತ್ತು. ಬೆಳ್ಳಿಯನ್ನುಳಿಸಲು ಈಸ್ಟ್ ಇಂಡಿಯಾ ಕುಂಪಣಿಯವರು ಕಂಡುಕೊಂಡ ಉಪಾಯವೇ ಅಫೀಮು. 1773ರಲ್ಲಿ ಬಂಗಾಳದ ಅಫೀಮು ಅವರ ಏಕಸ್ವಾಮ್ಯಕ್ಕೊಳಗಾಯಿತು. ರೈತರಿಗೆ ಮುಂಗಡ ಕೊಟ್ಟು ಬೆಳೆಯಿಸಿ, ಪಾಟ್ನಾ ಮತ್ತು ಗಾಜೀಪುರದ ಕಾರ್ಖಾನೆಗಳಲ್ಲಿ ಸಿದ್ಧಪಡಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿದ್ದರು. ಚೀನಾದಲ್ಲಿ 1729ರಿಂದಲೇ ಅಫೀಮಿನ ಮಾರಾಟಕ್ಕೆ ನಿಷೇಧವಿದ್ದುದರಿಂದ, ಕುಂಪಣಿಯು ತನ್ನ ಹಡಗುಗಳನ್ನು ಬಳಸದೆ, ಖಾಸಗಿ ವರ್ತಕರ ಮೂಲಕ ಕಳ್ಳತನದಿಂದ ಸಾಗಿಸಿತು. 1838ರ ವೇಳೆಗೆ ವರ್ಷಕ್ಕೆ ಸುಮಾರು 40,000 ಪೆಟ್ಟಿಗೆಗಳು ಹೋಗುತ್ತಿದ್ದವು.

ಅಫೀಮಿನ ಸ್ವಭಾವವೇ ಕ್ರೂರವಾದುದು. ನಿನ್ನೆ ಸಾಕಾದ ಪ್ರಮಾಣವು ನಾಳೆಗೆ ಸಾಲದು. ಬಿಡಹೊರಟರೆ ನಿದ್ರೆಯಿಲ್ಲ, ಮೈಯೆಲ್ಲ ನೋವು. ಸುಖಕ್ಕಾಗಿ ಹಿಡಿದವನು ಕಡೆಗೆ ಸಂಕಟವನ್ನು ತಪ್ಪಿಸಿಕೊಳ್ಳಲೆಂದೇ ಸೇದುತ್ತಾನೆ. ಪ್ರಜೆಗಳ ಈ ದುರವಸ್ಥೆಯನ್ನೂ ದೇಶದ ಬೆಳ್ಳಿ ಹೊರಗೆ ಹರಿಯುವುದನ್ನೂ ಕಂಡು ಚಕ್ರವರ್ತಿಯು ಲಿನ್ ಝೆಶುವನ್ನು ಕ್ಯಾಂಟನ್ನಿಗೆ ಕಳುಹಿದನು. 1839ರಲ್ಲಿ ಆತನು 20,000ಕ್ಕೂ ಮಿಕ್ಕ ಪೆಟ್ಟಿಗೆಗಳನ್ನು ವಶಪಡಿಸಿಕೊಂಡು, ಉಪ್ಪು ಸುಣ್ಣಗಳನ್ನು ಬೆರೆಸಿ ಕರಗಿಸಿ ಸಮುದ್ರಕ್ಕೆ ಹರಿಸಿದನು. ಇದಕ್ಕೆ ಉತ್ತರವಾಗಿ ಬಂದುದು ಯುದ್ಧ. 1842ರ ನಾನ್‌ಕಿಂಗ್ ಒಪ್ಪಂದದಿಂದ ಹಾಂಗ್‌ಕಾಂಗ್ ಬ್ರಿಟಿಷರ ಕೈಸೇರಿತು. ಸುಟ್ಟ ಮನೆಯವನೇ ದಂಡವನ್ನು ತೆತ್ತಂತೆ, ಹಾಳಾದ ಅಫೀಮಿನ ಬೆಲೆಯನ್ನೂ ಚೀನೀಯರೇ ಕೊಡಬೇಕಾಯಿತು. 1858ರಲ್ಲಿ, ಎರಡನೆಯ ಯುದ್ಧದ ನಡುವೆ, ಅದರ ಆಮದು ಶಾಸನಸಮ್ಮತವೇ ಆಯಿತು.

ಇಲ್ಲಿ ವ್ಯಸನಿಯು ಸೇದುವವನೊಬ್ಬನೇ ಅಲ್ಲವೆಂಬುದನ್ನು ನಾವು ಗಮನಿಸಬೇಕು. ಒಂದು ಕಾಲಕ್ಕೆ ಬ್ರಿಟಿಷ್ ಇಂಡಿಯಾದ ಹುಟ್ಟುವಳಿಯ ಸುಮಾರು ಏಳನೆಯ ಒಂದು ಪಾಲು ಅಫೀಮಿನಿಂದಲೇ ಬರುತ್ತಿತ್ತು. ಬಿಡಬೇಕೆಂದು ಬಲ್ಲವರು ಹೇಳಿದಾಗಲೆಲ್ಲ ಬೊಕ್ಕಸವು ವ್ಯಸನಿಯಂತೆಯೇ ನೆವಗಳನ್ನೊಡ್ಡಿತು. 1893ರಲ್ಲಿ ನೇಮಕವಾದ ರಾಯಲ್ ಕಮಿಷನ್ನು ಎರಡು ವರ್ಷಗಳ ಬಳಿಕ, ಇಂಡಿಯಾದಲ್ಲಿ ಇದರಿಂದ ಹೇಳಿಕೊಳ್ಳುವಂಥ ಕೇಡಿಲ್ಲವೆಂಬ ಅಭಿಪ್ರಾಯವನ್ನೇ ಕೊಟ್ಟಿತು. ಅದೇ ನಾಡಿನಲ್ಲಿ ಬೊಂಬಾಯಿಯ ಗಿರಣಿಗಳಿಗೆ ದುಡಿಯಹೋಗುವ ತಾಯಂದಿರು ಹಸುಗೂಸುಗಳಿಗೆ ಅಫೀಮು ತಿನ್ನಿಸಿ ಮಲಗಿಸುತ್ತಿದ್ದರು. ಚೀನಾಕ್ಕೆ ಹೋಗುವ ಅಫೀಮನ್ನು ವರ್ಷವರ್ಷವೂ ತಗ್ಗಿಸುವ ಒಪ್ಪಂದವು 1907ರಲ್ಲಿ ಆಯಿತು. 1912ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಕೂಡಿ ಮೊದಲ ನಿಬಂಧನೆಗಳಿಗೆ ಸಹಿಹಾಕಿದವು.

ಸ್ವತಂತ್ರ ಭಾರತವು 1985ರಲ್ಲಿ ಮಾದಕದ್ರವ್ಯಗಳ ವಿಷಯದಲ್ಲಿ ಕಠಿಣವಾದ ಕಾನೂನನ್ನು ಮಾಡಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಬೆಳೆದ ಅಫೀಮು ಔಷಧಕ್ಕೆ ಒದಗುತ್ತದೆ. ಅದರಿಂದಾದ ಮಾರ್ಫೀನು ಅರ್ಬುದರೋಗಿಗಳ ಯಾತನೆಯನ್ನು ಶಮನಗೊಳಿಸುತ್ತದೆ. ಗಿಡವು ಅಂದಿನದೇ, ಬೇರೆಯಾದುದು ಅದನ್ನು ಬೆಳೆಯಿಸುವವರ ಉದ್ದೇಶ. ಆದುದರಿಂದ ವ್ಯಸನಕ್ಕೆ ಸಿಕ್ಕಿದವನನ್ನು ಕಂಡಾಗ ನಾವು ತಿರಸ್ಕರಿಸದೆ ವೈದ್ಯನ ಬಳಿಗೆ ಕರೆದೊಯ್ಯೋಣ. ಅವನ ಸಂಕಟದಿಂದ ಯಾರ ಪೆಟ್ಟಿಗೆ ತುಂಬುತ್ತಿದೆಯೆಂಬುದನ್ನೂ ಮರೆಯದೆ ಕೇಳೋಣ.