ಹಳಿಯ ಬದಿಯಲ್ಲಿ ಬೆಳೆದ ವಿದ್ಯಾಲಯ

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ 34 ಕಿಲೋಮೀಟರ್ ದೂರ ದೇಶದ ಪ್ರಥಮ ಪ್ರಯಾಣಿಕ ರೈಲು ಸಂಚರಿಸಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಹಳಿ ಹೋದಲ್ಲಿ ಜನ, ಜನ ನೆಲೆಸಿದಲ್ಲಿ ಶಾಲೆ ಎಂಬುದನ್ನು ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನಾನು ಕಣ್ಣಾರೆ ಕಂಡಿದ್ದೇನೆ.

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕರಾವಳಿಯ ಬಾಲಕರು ಹಗಲಿಡೀ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಈ ಶಾಲೆಗಳನ್ನು ನಡೆಸಿದವು. ಕಾಲಾನಂತರ ಆ ಬಾಲಕರು ಸಂಸಾರಸ್ಥರಾದರು. ಶಹರದಲ್ಲಿ ಮನೆ ದೊರೆಯುವುದು ದುರ್ಲಭವಾದುದರಿಂದ ಅನೇಕರು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದರು. ದುಡಿಯುವವರು ಕಿಕ್ಕಿರಿದ ಲೋಕಲ್ ಗಾಡಿಯಲ್ಲಿ ನಿಂತೇ ಹೋಗಿ ಬರಬಹುದು. ಆರು ವರ್ಷದ ಮಗುವಿಗೆ ಅದು ಸಾಧ್ಯವೇ? ಮನೆಯ ಸಮೀಪದಲ್ಲೇ ಶಾಲೆ ಬೇಕಾಯಿತು.

ಡೊಂಬಿವಲಿ ಕರ್ನಾಟಕ ಸಂಘದ ಆಶ್ರಯದಲ್ಲಿ ಬೆಳೆದ ಮಂಜುನಾಥ ವಿದ್ಯಾಲಯವು ಇಂತಹ ಅಗತ್ಯಕ್ಕೆ ಒದಗಿದ ಸಂಸ್ಥೆ. ಆ ನಾಮಧೇಯ ಕಿವಿಗೆ ಬಿದ್ದೊಡನೆ ನಮ್ಮವರಿಗೆ ಧರ್ಮಸ್ಥಳವೂ, ಅಲ್ಲಿ ಮಂಜುನಾಥನನ್ನು ಪ್ರತಿಷ್ಠಾಪಿಸಿದರೆಂದು ಪ್ರತೀತಿಯಿರುವ ಶ್ರೀವಾದಿರಾಜರೂ ನೆನಪಾಗುತ್ತಾರೆ. ಸಂಘದ ವಿದ್ಯಾಕಾರ್ಯ ಶಾಲೆಗೆ ಸೀಮಿತವಾಗದೆ ವಾಣಿಜ್ಯ ಮಹಾವಿದ್ಯಾಲಯದವರೆಗೂ ವಿಸ್ತರಿಸಿತು. ಈ ಮಹಾವಿದ್ಯಾಲಯವಿರುವ ಕಾಂಚನಗಾಂವ್ ಠಾಕುರ್ಲಿಯ ಪರಿಸರದ್ದು. ವಿದ್ಯುತ್ ರೈಲುಗಳಿಗಾಗಿ ರೈಲ್ವೆಯು 1929ರಲ್ಲಿ ಚೋಳಾ ವಿದ್ಯುದಾಗಾರವನ್ನು ಆರಂಭಿಸಿದ್ದೂ ಅದೇ ಠಾಕುರ್ಲಿಯಲ್ಲಿ. ಆ ವಿದ್ಯುದಾಗಾರ ಎಂದೋ ನಿಂತುಹೋಯಿತು. ವಿದ್ಯೆಯ ದೀಪ ಮಾತ್ರ ಉರಿಯುತ್ತಿದೆ.

1992ರಲ್ಲಿ ವಾಶಿಗೆ ರೈಲು ಬಂದಿತು. 2004ರಲ್ಲಿ ಠಾಣೆಯಿಂದಲೂ ನವಿ ಮುಂಬಯಿಗೆ ನೇರ ಮಾರ್ಗವಾಯಿತು. ಶಾಲೆಗಳು ಹೆಚ್ಚಿದವು. ಆದರೆ ತಂದೆತಾಯಿಗಳ ಒಲವು ಇಂಗ್ಲಿಷ್ ಮಾಧ್ಯಮದತ್ತ ಹರಿದು, ಮುಂಬಯಿ ಸೀಮೆಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಕ್ಷೀಣಿಸಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಕಾನೂನು ಬಾಗಿಲು ತೆರೆಯಬಲ್ಲದು. ಮಗುವಿನ ಕೈಹಿಡಿದು ಒಳಗೆ ಕರೆದೊಯ್ಯಬೇಕಾದವರು ನಾವೇ.

ಇಂಗ್ಲಿಷ್ ಕಲಿಕೆಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅನ್ನಕ್ಕೆ ಅದೂ ಬೇಕು. ಆದರೆ ನಮ್ಮ ಮೊಮ್ಮಕ್ಕಳು ದಾಸರ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುವುದನ್ನು ಕಂಡಾಗ ಮನಸ್ಸು ಮುದುಡುತ್ತದೆ. ಹಿಂದಿನವರು ಹನ್ನೆರಡು ತಾಸು ದುಡಿದ ಮೇಲೂ ರಾತ್ರಿಶಾಲೆಗೆ ಹೋದರು. ಸಂಜೆ ಅರ್ಧ ತಾಸು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಅ, ಆ’ ತಿದ್ದಿಸಲು ನಮಗೆ ಪುರಸೊತ್ತಿಲ್ಲವೇ? ಶಾಲೆ ಕಟ್ಟಿದ ಹಿರಿಯರ ಋಣವನ್ನು ತೀರಿಸಲು ಇದಕ್ಕಿಂತ ಸುಲಭದ ದಾರಿ ಬೇರೊಂದಿಲ್ಲ.