ಎಣಿಕೆಗೆ ನಿಲುಕದ ಒಂದು ಲೇಖನ

ವೈದ್ಯಸಂಶೋಧಕನ ಯೋಗ್ಯತೆಯನ್ನು ಆತನ ಪ್ರಕಟಣೆಗಳಿಂದಲೂ, ಅವುಗಳನ್ನು ಇತರರು ಉಲ್ಲೇಖಿಸಿದ ಲೆಕ್ಕದಿಂದಲೂ ಅಳೆಯುವ ಪದ್ಧತಿ ಈಗ ರೂಢವಾಗಿದೆ. ಅಧ್ಯಾಪಕರ ಬಡ್ತಿಗೂ ಪ್ರಕಟಣೆಗಳೇ ಆಧಾರ. ಈ ಪದ್ಧತಿ ಬಹಳ ಹಳೆಯದಲ್ಲ. ಯೂಜೀನ್ ಗಾರ್ಫೀಲ್ಡ್ ವಿಜ್ಞಾನಕ್ಕೆ ಉಲ್ಲೇಖಸೂಚಿಯ ಕಲ್ಪನೆಯನ್ನು ಮಂಡಿಸಿದ್ದು 1955ರಲ್ಲಿ.

ಈ ಅಳತೆಗೋಲನ್ನು ನಾವು ಒಂದು ಹಳೆಯ ಲೇಖನಕ್ಕೆ ಹಿಡಿದು ನೋಡಬಹುದು. ಕಲಬುರಗಿ, ಕಮಲಾಪುರಗಳು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಾಗ, ಅದೇ ಸಂಸ್ಥಾನದ ಸಿಕಂದರಾಬಾದಿನ ದಂಡಿನಲ್ಲಿ ರೊನಾಲ್ಡ್ ರಾಸ್ ಸೇನಾವೈದ್ಯನಾಗಿದ್ದನು. (1895ರಲ್ಲಿ ಕಾಲರಾ ನಿವಾರಣೆಗಾಗಿ ಆತನನ್ನು ಬೆಂಗಳೂರಿಗೆ ಕಳುಹಿಸಲಾಗಿತ್ತು.) ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ತನ್ನ ರಕ್ತವನ್ನು ಸೊಳ್ಳೆಗಳಿಗೆ ಉಣಿಸಿದನು. ಅವುಗಳಲ್ಲೊಂದರ ಜಠರಭಿತ್ತಿಯಲ್ಲಿ 1897ರ ಆಗಸ್ಟ್ 20ರಂದು ರಾಸ್ ವರ್ಣಕಣಗಳಿಂದ ಕೂಡಿದ ಕೋಶಗಳನ್ನು ಕಂಡನು. ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾದ ಆ ಕಿರುಲೇಖನಕ್ಕೆ ಆಧಾರ ಎರಡೇ ಸೊಳ್ಳೆಗಳು. ಇಂದಿನ ಪರಿಶೀಲಕರು ಅದನ್ನು ಹಿಂದಿರುಗಿಸುತ್ತಿದ್ದರೋ ಏನೋ! 1898ರಲ್ಲಿ ರಾಸ್ ಕಲ್ಕತ್ತೆಯಲ್ಲಿ ಪಕ್ಷಿಮಲೇರಿಯಾದ ಜೀವನಚಕ್ರವನ್ನು ತೋರಿಸಿದನು. ಅದೇ ವರ್ಷ ಇಟಲಿಯ ಗ್ರಾಸ್ಸಿ ಮಾನವನ ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆಯೇ ವಾಹಕವೆಂದು ಸ್ಥಾಪಿಸಿದನು. 1902ರಲ್ಲಿ ರಾಸ್‌ಗೆ ನೊಬೆಲ್ ಪಾರಿತೋಷಕ ದೊರೆಯಿತು.

ಶೋಧವೊಂದು ಪಠ್ಯಪುಸ್ತಕದ ಸಾಮಾನ್ಯ ಜ್ಞಾನವಾದೊಡನೆ ಮೂಲಲೇಖನದ ಉಲ್ಲೇಖ ಅಳಿದುಹೋಗುತ್ತದೆಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದನು. ಕಲಬುರಗಿಯ ವೈದ್ಯವಿದ್ಯಾರ್ಥಿ ಸೊಳ್ಳೆಯಿಂದ ಮಲೇರಿಯಾ ಹರಡುವುದೆಂದು ಬರೆಯುವಾಗ ರಾಸ್‌ನನ್ನು ಹೆಸರಿಸಬೇಕಾಗಿಲ್ಲ. ಕಮಲಾಪುರದಲ್ಲಿ ನೀರಿನ ತೊಟ್ಟಿ ಬರಿದುಮಾಡಿಸುವ ಆರೋಗ್ಯ ಕಾರ್ಯಕರ್ತೆಯ ಕೆಲಸವೂ ಆ ಲೇಖನದ ಫಲವೇ. ಅದಂತೂ ಯಾವ ಉಲ್ಲೇಖಸೂಚಿಗೂ ಸೇರತಕ್ಕದ್ದಲ್ಲ.