ಡೆತ್ ಮೆಟಲ್‌ನ ನಕ್ಷತ್ರಗಳು, ಕಪ್ಪಗಲ್ಲಿನ ಬಂಡೆಗಳು

ಡೆತ್ ಮೆಟಲ್ ಅಂತ ಒಂದು ಸಂಗೀತ ಇದೆ. ಮೊದಲ ಸಲ ಕೇಳಿದವರಿಗೆ ಅದು ಹಾಡೋ ಜಗಳವೋ ಗೊತ್ತಾಗುವುದಿಲ್ಲ. ಗಿಟಾರಿನ ತಂತಿ ಸಡಿಲಿಸಿ ಶ್ರುತಿಯನ್ನು ಕೆಳಗಿಳಿಸುತ್ತಾರೆ. ಡ್ರಮ್ಮು ಉಸಿರು ಬಿಡದಂತೆ ಬಡಿಯುತ್ತದೆ. ಹಾಡುವವರು ಗಂಟಲಿನ ಆಳದಿಂದ ಗುಡುಗುತ್ತಾರೆ. ನಮ್ಮ ಕಡೆ ಬಯಲಾಟ ನೋಡಿದವರಿಗೆ ಇದು ಪೂರ್ತಿ ಹೊಸದಲ್ಲ. ರಾಕ್ಷಸ ಪಾತ್ರ ರಂಗಕ್ಕೆ ಬರುವಾಗ ಹಾಕುವ ಅಬ್ಬರವನ್ನು ನೆನಪಿಸಿಕೊಂಡರೆ ಸಾಕು.

ಈ ಸಂಗೀತದ ಬೇರು ಕಾರ್ಖಾನೆಯಲ್ಲಿದೆ. 1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗನ ಎರಡು ಬೆರಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಆತ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಅವನ ತಂಡ ಬ್ಲ್ಯಾಕ್ ಸಬ್ಬತ್ 1970ರಲ್ಲಿ ಮೊದಲ ಆಲ್ಬಮ್ ತಂದಿತು. ಹೆವಿ ಮೆಟಲ್ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ.

1987ರಲ್ಲಿ ಅಮೆರಿಕದ ಫ್ಲೋರಿಡಾದ 'ಡೆತ್' ತಂಡದ ಮೊದಲ ಆಲ್ಬಮ್ ಬಂತು. ಆಗೆಲ್ಲ ಹಾಡಿನ ವಸ್ತು ಸಾವು, ಹೆಣ, ರಕ್ತ. 1990ರಲ್ಲಿ ಅದೇ ಫ್ಲೋರಿಡಾದ ನಾಕ್ಟರ್ನಸ್ ತಂಡ 'ದಿ ಕೀ' ಆಲ್ಬಮ್‌ನಲ್ಲಿ ಕೀಬೋರ್ಡ್ ಸೇರಿಸಿ, ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆ ಹೇಳಿತು. ಡೆತ್ ಮೆಟಲ್ ಸ್ಮಶಾನ ಬಿಟ್ಟು ಆಕಾಶದ ಕಡೆ ತಲೆ ಎತ್ತಿತು. ಈ ದಾರಿಯಲ್ಲಿ ಈಗ ಹೆಸರಾಗಿರುವುದು ಡೆನ್ವರ್ ನಗರದ ಬ್ಲಡ್ ಇನ್‌ಕ್ಯಾಂಟೇಶನ್ ತಂಡ. 2024ರ ಅವರ 'ಆಬ್ಸಲ್ಯೂಟ್ ಎಲ್ಸ್‌ವೇರ್' ಆಲ್ಬಮ್‌ನಲ್ಲಿ ಇರುವುದು ಎರಡೇ ಹಾಡು, ಒಂದೊಂದೂ 20 ನಿಮಿಷದ ಆಸುಪಾಸು. ಅಬ್ಬರದ ನಡುವೆ ತಂಬೂರಿ ಶ್ರುತಿಯಂತೆ ಎಳೆದ ಸಿಂಥಸೈಜರ್ ನಾದ ಬರುತ್ತದೆ. ಅಮಾವಾಸ್ಯೆ ರಾತ್ರಿ ಹೊಲದಲ್ಲಿ ಮಲಗಿ ಚುಕ್ಕಿ ನೋಡಿದ ಹಾಗೆ ಅನಿಸುತ್ತದೆ.

ಕರ್ನಾಟಕಕ್ಕೂ ಈ ಸಂಗೀತ ಬಂದು ಬಹಳ ವರ್ಷವಾಯಿತು. ಬೆಂಗಳೂರಿನ ಡೈಯಿಂಗ್ ಎಂಬ್ರೇಸ್ ತಂಡ 1991ರಷ್ಟು ಹಿಂದೆಯೇ ಡೆತ್ ಮೆಟಲ್ ಹಾದಿ ಹಿಡಿಯಿತು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಹೆವಿ ಮೆಟಲ್ ತಂಡ. ಅದರ 2008ರ ಆಲ್ಬಮ್ 'ದಿ ಆರ್ಕ್ ಆಫ್ ಜೆಮಿನಿ'. ಜೆಮಿನಿ ಅಂದರೆ ನಮ್ಮ ಮಿಥುನ ರಾಶಿ. 2013ರಲ್ಲಿ ಈ ತಂಡ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು.

ಇನ್ನು ಬಳ್ಳಾರಿಗೆ ಬರೋಣ. ಬ್ಲಡ್ ಇನ್‌ಕ್ಯಾಂಟೇಶನ್ ತಂಡದ 2019ರ ಆಲ್ಬಮ್ ಹೆಸರಿನ ಅರ್ಥ 'ಮನುಕುಲದ ಬಚ್ಚಿಟ್ಟ ಇತಿಹಾಸ'. ಅನ್ಯಗ್ರಹದವರು, ಪ್ರಾಚೀನ ನಾಗರಿಕತೆಗಳು ಇವರ ಇಷ್ಟದ ವಸ್ತು. 1968ರಲ್ಲಿ ಎರಿಕ್ ಫಾನ್ ಡೇನಿಕನ್ ಎಂಬ ಲೇಖಕ, ಪ್ರಾಚೀನ ಕಟ್ಟಡಗಳ ಹಿಂದೆ ಆಕಾಶದಿಂದ ಬಂದವರ ಕೈ ಇದೆ ಎಂದು ಪುಸ್ತಕ ಬರೆದು ಜಗತ್ತಿನಲ್ಲೆಲ್ಲ ಮಾರಿದ. ಪುರಾತತ್ವದವರು ಅದನ್ನು ಒಪ್ಪಲಿಲ್ಲ. ಹಾಡಿನಲ್ಲಿ ಅದು ಕಲ್ಪನೆ, ಚೆನ್ನಾಗಿಯೇ ಇರುತ್ತದೆ. ಆದರೆ ಇದೇ ಮಾತು ವಿಡಿಯೊ ಆಗಿ ಫೋನಿಗೆ ಬಂದು, 'ಇದು ಮನುಷ್ಯರು ಮಾಡಿದ್ದಲ್ಲ' ಎಂದಾಗ ಯಾರೋ ದುಡಿದದ್ದನ್ನು ಇನ್ಯಾರದೋ ಲೆಕ್ಕಕ್ಕೆ ಬರೆದಂತೆ ಆಗುತ್ತದೆ.

ನಮ್ಮಲ್ಲೂ ಇಂಥ ಕಥೆಗಳಿವೆ. ಹಂಪಿ ಹತ್ತಿರ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಬಳ್ಳಾರಿ ಪಕ್ಕದ ಕುಡತಿನಿಯಲ್ಲೂ ದೊಡ್ಡ ಬೂದಿದಿಬ್ಬ ಇದೆ. ಇವು ಸುಟ್ಟ ಸಗಣಿಯ ರಾಶಿ ಇರಬೇಕು ಎಂದು 19ನೇ ಶತಮಾನದಲ್ಲೇ ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮುಂದೆ ಎಫ್. ಆರ್. ಆಲ್ಚಿನ್ ತೆಲಂಗಾಣದ ಉತ್ನೂರಿನಲ್ಲಿ ಇಂಥದೇ ದಿಬ್ಬ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಅಲ್ಲಿದ್ದದ್ದು ದನದ ದೊಡ್ಡಿ. ರಾಕ್ಷಸರಲ್ಲ, ದನ ಕಾಯುವವರು.

ಆ ಜನರ ಊರುಗಳು ನಮ್ಮ ಸುತ್ತಲೇ ಇದ್ದವು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಗೆದಾಗ ದುಂಡನೆಯ ಗುಡಿಸಲುಗಳ ಕುರುಹು ಸಿಕ್ಕಿತು. ಕುರುಗೋಡು, ಸಂಗನಕಲ್ಲು ಕಡೆಯೂ ನವಶಿಲಾಯುಗದ ನೆಲೆಗಳಿವೆ. ಈ ಭಾಗದ ನೆಲೆಗಳಲ್ಲಿ ಸುಟ್ಟು ಉಳಿದ ಕಾಳುಗಳನ್ನು ಪರೀಕ್ಷೆ ಮಾಡಿದಾಗ ಹುರಳಿ, ಹೆಸರು, ಕೊರಲೆ ಕಂಡವು. ಇವತ್ತಿಗೂ ನಮಗೆ ಗೊತ್ತಿರುವ ಧಾನ್ಯಗಳೇ.

ಇವರಿಗೂ ಒಂದು ಸಂಗೀತ ಇತ್ತು. ಬಳ್ಳಾರಿ ಹತ್ತಿರದ ಕಪ್ಪಗಲ್ಲು-ಸಂಗನಕಲ್ಲು ನಡುವಿನ ಹಿರೇಗುಡ್ಡದಲ್ಲಿ ಕರಿಕಲ್ಲಿನ ಸಾಲೊಂದು ಹಾದುಹೋಗಿದೆ. ಆ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಎತ್ತು, ಮನುಷ್ಯರ ಚಿತ್ರಗಳಿವೆ. 1892ರಲ್ಲೇ ಎಫ್. ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಇವುಗಳ ಬಗ್ಗೆ ಬರೆದರು. ಕೆಲವು ಬಂಡೆಗಳಲ್ಲಿ ಸಣ್ಣ ದುಂಡು ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ನಾದ ಬರುತ್ತದೆ. ಸಂಶೋಧಕಿ ನಿಕೋಲ್ ಬೊವಾನ್ 2004ರಲ್ಲಿ ಈ ಬಗ್ಗೆ ಬರೆದ ಲೇಖನ ಹೊರಗಿನ ಜಗತ್ತಿನ ಕಣ್ಣಿಗೂ ಬಿತ್ತು.

ಕಲ್ಲು ಯಾಕೆ ದನಿ ಕೊಡುತ್ತದೆ? ಇದು ಒತ್ತೊತ್ತಾದ ಗಟ್ಟಿ ಕಲ್ಲು. ಬಂಡೆ ನೆಲಕ್ಕೆ ಒಂದೆರಡು ಕಡೆ ಮಾತ್ರ ತಾಗಿಕೊಂಡಿದ್ದರೆ ಅದು ಸಡಿಲವಾಗಿ ಕಂಪಿಸುತ್ತದೆ. ಗಂಟೆಯನ್ನು ಕೈಯಲ್ಲಿ ಹಿಡಿದು ಬಾರಿಸಿದರೆ ನಾದ ಸಾಯುತ್ತದೆ, ತೂಗುಬಿಟ್ಟರೆ ಮೊಳಗುತ್ತದಲ್ಲ, ಹಾಗೆ. ಅದಕ್ಕೇ ಈ ಬಂಡೆಯನ್ನು ಇದ್ದ ಜಾಗದಿಂದ ಕದಲಿಸಿದರೂ ದನಿ ಹೋಗಬಹುದು. ಒಡೆದರೆ ಹೇಳುವುದೇ ಬೇಡ.

ಒಡೆದದ್ದೂ ಆಗಿದೆ. ಕಲ್ಲು ಗಣಿಗಾರಿಕೆಯಿಂದ ಈ ಗುಡ್ಡದ ಕೆಲವು ಭಾಗ ಈಗಾಗಲೇ ಹಾಳಾಗಿದೆ. ಗಣಿ ಅಂದರೇನು, ಗುಡ್ಡ ಹೋದರೆ ಏನು ಹೋಗುತ್ತದೆ ಅಂತ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗುಡ್ಡದ ಕಥೆ ಆಕಾಶದವರದು, ರಾಕ್ಷಸರದು ಎಂದು ನಂಬಿ ಕೂತರೆ ಅದನ್ನು ಉಳಿಸಿ ಎಂದು ಕೇಳುವ ವಾರಸುದಾರರು ಯಾರು?

ಡೆತ್ ಮೆಟಲ್ ಇಷ್ಟವಾದರೆ ಕೇಳಿ, ತಪ್ಪೇನಿಲ್ಲ. ಬಳ್ಳಾರಿಗೆ ಹೋದಾಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿರುವ ಕಲ್ಲಿನ ಕೊಡಲಿಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದವರು ಇದೇ ನೆಲದಲ್ಲಿ ಹುರಳಿ ಬೆಳೆದವರು ಎಂದು ಅವರಿಗೆ ಹೇಳಿ.